ಐಸ್ ಪ್ಲಾಂಟಿನ ಗುಲಾಬಿ ಟೋಪಿ

ಮಾರ್ಚ್ 4
ಮೂರು ಗಂಟೆಯ ಮೆರಿಯೆಂಡಾ. ಸಕ್ಕರೆಯಲ್ಲಿ ಕರಿದ ಬಾಳೆಹಣ್ಣು, ಕಾಫಿ. ಇವತ್ತು ಟೋಪಿ ನೊಂಗ್ ಇಸ್ಕೋ ಅವರ ತಲೆಗೆ; ನಮ್ಮಲ್ಲಿ ಹಿರಿಯರು, ಎಲ್ಲರಿಗೂ ನೊಂಗ್, ಅಣ್ಣ. ಸ್ನಾನಕ್ಕೆ ಹಾಕುವ ಗುಲಾಬಿ ಪ್ಲಾಸ್ಟಿಕ್ ಟೋಪಿ — ತಪ್ಪು ಮಾಡಿದವರು ಅದನ್ನು ಹಾಕಿಕೊಂಡೇ ಆ ತಪ್ಪಿನ ಕಥೆ ಹೇಳಬೇಕು. ಐಸ್ ಅಚ್ಚಿಗೆ ನೀರು ಬಿಟ್ಟು ಮರೆತರಂತೆ. ಬೂಟಿನೊಳಗೆಲ್ಲ ನೀರು.
"ನಗ್ರಪ್ಪ, ನಗ್ರಿ. ನಾಳೆ ನಿಮ್ ಬೂಟಿಗೂ ಬರತ್ತೆ."
ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ಶಿಫ್ಟ್ ನನ್ನ ಕೈಯಲ್ಲಿದೆ ನಿಜ, ಆದರೆ ಕಲಿತದ್ದೆಲ್ಲ ಆ ಟೋಪಿ ಕಥೆಗಳಿಂದಲೇ.

ಮಾರ್ಚ್ 11
ಹೊಸ ಮ್ಯಾನೇಜರ್ ಬಾದಿಲ್ಯಾ ಸರ್ ನೋಡಿಬಿಟ್ಟರು.
"ಇದೇನು ಸರ್ಕಸ್ಸಾ? ಇನ್ಮೇಲೆ ತಪ್ಪಾದ್ರೆ ಮೆಮೊ. ಮೂರಾದ್ರೆ ಮನೆ."
ಟೋಪಿ ಅವರ ಡ್ರಾಯರಿಗೆ. ಬೀಗ.

ಏಪ್ರಿಲ್ 2
ಒಂದೂ ತಪ್ಪಿಲ್ಲವಂತೆ, ಸರ್‌ಗೆ ಖುಷಿ. ನನಗೆ ಹೆದರಿಕೆ. ಕಳೆದ ವಾರ ಸೇರಿದ ರೋಡೆಲ್ ಗೋಡೆ ಕಡೆ ಮುಖ ಮಾಡಿ ತಿನ್ನುತ್ತಾನೆ. ಎರಡು ಮಕ್ಕಳ ತಂದೆ, ಆದರೂ ನನ್ನನ್ನು ಮನಾಂಗ್, ಅಕ್ಕ ಅನ್ನುತ್ತಾನೆ.
"ಏನಾದ್ರೂ ಕೇಳೋದಿದ್ಯೇನೋ?"
"ಇಲ್ಲ ಮನಾಂಗ್. ಎಲ್ಲಾ ಗೊತ್ತು."
ಒಂದು ವಾರಕ್ಕೇ ಎಲ್ಲಾ ಗೊತ್ತು...

ಏಪ್ರಿಲ್ 9
ಅಮೋನಿಯಾ ಸೋರಿತು, ಐಸ್ ಕಟ್ಟಿಸುವ ಗ್ಯಾಸು. ಯಾರೋ ಎಣ್ಣೆ ಇಳಿಸುವ ವಾಲ್ವ್ ತೆರೆದಿಟ್ಟು ಆಚೆ ಹೋಗಿದ್ದಾರೆ. ತೆರೆದ ಮೇಲೆ ಕದಲಬಾರದು — ಎಣ್ಣೆ ಮುಗಿದರೆ ಹಿಂದೆಯೇ ಗ್ಯಾಸ್. ಹಳಬರಾದ ನಮಗೆಲ್ಲ ಇದು ಇಸ್ಕೋ ಅವರ ಟೋಪಿ ಕಥೆಯಿಂದ ಗೊತ್ತು. ಕೋಳಿ ಅಂಕದ ಸುದ್ದಿ ಕೇಳಲು ಹೋಗಿ, ಆಮೇಲೆ ಮೂಗು ಹಿಡಿದು ಓಡಿದ ಕಥೆ. ಓಡಿಯೂ ತೋರಿಸುತ್ತಿದ್ದರು.
ರೋಡೆಲ್ ಆ ಕಥೆ ಕೇಳಿಲ್ಲ.
ಇವತ್ತು ಒಳಗೆ ನುಗ್ಗಿ ವಾಲ್ವ್ ಮುಚ್ಚಿದವರೂ ಇಸ್ಕೋ ಅವರೇ. ಮಾಸ್ಕ್ ಹಾಕಿಕೊಳ್ಳಲೂ ನಿಲ್ಲಲಿಲ್ಲ.

ಏಪ್ರಿಲ್ 13
ಆಸ್ಪತ್ರೆ. ಇಸ್ಕೋ ಅವರ ಎರಡೂ ಕಣ್ಣಿಗೆ ಪಟ್ಟಿ. ಒಂದು ಉಳಿಯಬಹುದಂತೆ.
"ವಾಲ್ವ್ ಬಿಟ್ಟು ಹೋದೋರು ಯಾರು ಅಂತ ಹೇಳಿದ್ರಾ?"
"ಇಲ್ಲ ನೊಂಗ್. ಮೆಮೊಗೆ ಹೆದರಿ ಯಾರೂ ಬಾಯಿ ಬಿಡ್ತಿಲ್ಲ."
"ಟೋಪಿ ಹೊರಗೆ ತೆಗೆಸು. ಹಿಂಗೇ ಮುಚ್ಕೊಂಡ್ರೆ ಇನ್ನೊಬ್ರ ಕಣ್ಣು ಹೋಗತ್ತೆ ಕಣಮ್ಮ."
ಹೊರಗೆ ಬಂದು ಅತ್ತುಬಿಟ್ಟೆ.

ಏಪ್ರಿಲ್ 14, ಮೂರು ಗಂಟೆ
ಕ್ಯಾಂಟೀನ್. ಸರ್‌ಗೆ ಸಂಜೆಯೊಳಗೆ ರಿಪೋರ್ಟ್ ಬೇಕು, ಅದರಲ್ಲೊಂದು ಹೆಸರೂ ಬೇಕು. ಟೋಪಿ ಕೊಟ್ಟರೆ ಮಾತ್ರ ಎಂದೆ. ನನ್ನ ಮುಖವನ್ನೇ ನೋಡಿದರು, ಬೀಗ ತೆಗೆದರು. ಈಗ ಬಾಗಿಲ ಬಳಿ ನಿಂತಿದ್ದಾರೆ.
ಟೋಪಿ ಮೇಜಿನ ಮೇಲಿದೆ. ಯಾರೂ ಮುಟ್ಟುತ್ತಿಲ್ಲ. ಕಾಫಿ ಆರಿದೆ. ಯಾರ ಮುಖವನ್ನೂ ನೋಡಲಾಗದೆ ಇಲ್ಲಿ ಗೀಚುತ್ತಿದ್ದೇನೆ.
ರೋಡೆಲ್ ಎದ್ದ. ಟೋಪಿ ಎತ್ತಿಕೊಂಡ. ಹಾಕಿಕೊಂಡ.
ಯಾರೂ ನಗಲಿಲ್ಲ.
"ಮನಾಂಗ್, ನೀವು ಬರೀತಾ ಕೂತ್ರೆ ನಂಗೆ ಹೇಳಕ್ಕಾಗಲ್ಲ."
ಸರಿ ಕಣೋ. ಪೆನ್ನು ಕೆಳಗೆ