ಒಂದೇ ಕಾರ್ಡಿನ ಮೇಲೆ ನಿಮ್ಮದೂ ನನ್ನದೂ

ಶಾಂತಕ್ಕಾ,

ಅಲ್ಲಿ ಕ್ಷೇಮವೇ ಎಂದು ಕೇಳುವುದಿಲ್ಲ. ನೀವು ಎಲ್ಲಿದ್ದರೂ ಅಲ್ಲಿಯ ವೈರುಗಳನ್ನೆಲ್ಲ ಬಿಡಿಸಿ, ಜೋಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿರುತ್ತೀರಿ ಎಂದು ಗೊತ್ತು. ಇಲ್ಲಿ ದೇಶಪಾಂಡೆ ನಗರದ ಆಫೀಸಿನಲ್ಲಿ ನಿಮ್ಮ ಕುರ್ಚಿಯ ಮೇಲೆ ಈಗ ನಾನು ಕೂರುತ್ತೇನೆ. ನೀವು ಹೋಗಿ ಎಂಟು ತಿಂಗಳಾದರೂ ಅದರ ಎತ್ತರ ಬದಲಿಸುವ ಮನಸ್ಸಾಗಿಲ್ಲ, ಹೀಗಾಗಿ ನನ್ನ ಮೊಳಕಾಲು ಮೇಜಿಗೆ ತಾಗುತ್ತದೆ. ನಿಮಗೊಂದು ಸುದ್ದಿ ಹೇಳುವುದಿದೆ.

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನನ್ನು ಹಿಂದಿನ ಕೋಣೆಯ ಆ ಮಷೀನಿನ ಮುಂದೆ ನಿಲ್ಲಿಸಿದ್ದು ನೆನಪಿದೆಯೇ? ವಿದ್ಯಾನಗರದ ದವಾಖಾನೆಗಳಿಗೂ ಹಳೇ ಹುಬ್ಬಳ್ಳಿಯ ಅಂಗಡಿಗಳಿಗೂ ನಾವು ಕೊಡುವ ಇಂಟರ್ನೆಟ್ಟೆಲ್ಲ ಅದರ ಒಂದೇ ನೆಟ್‌ವರ್ಕ್ ಕಾರ್ಡಿನ ಮೂಲಕ ಹಾದುಹೋಗುತ್ತಿತ್ತು. ಮಾಹಿತಿ ಬರುವುದು ಪ್ಯಾಕೆಟ್ಟುಗಳೆಂಬ ಸಣ್ಣ ಸಣ್ಣ ತುಂಡುಗಳಾಗಿ. ನೀವು ಬರೆದ ಪ್ರೋಗ್ರಾಂ ಆ ಕಾರ್ಡಿನ ಬಾಯಲ್ಲೇ ಕುಳಿತು ಒಂದೊಂದನ್ನೂ ನೋಡಿ, ಒಳ್ಳೆಯದನ್ನು ಒಳಗೆ ಬಿಡುತ್ತಿತ್ತು, ಕಸವನ್ನು ಅಲ್ಲೇ ಚೆಲ್ಲುತ್ತಿತ್ತು. “ಜ್ವಾಳ ಕೇರೂದು ನೋಡೀಯೋ ಇಲ್ಲೋ ತಮ್ಮಾ? ಮೊರದಾಗ ಹಾಕಿ ಕೇರಿದ್ರ ಹೊಟ್ಟು ಹೊರಗ, ಕಾಳು ಒಳಗ. ಇದೂ ಅಷ್ಟ,” ಎಂದಿರಿ. ಎರಡು ವರ್ಷ ಪುಸ್ತಕ ಹಿಡಿದರೂ ತಲೆಗೆ ಹತ್ತದ್ದು ಆ ಒಂದು ಮಾತಿಗೆ ಹತ್ತಿತು.

ಆಮೇಲೆ ಬಂತಲ್ಲ, ನನ್ನ ಆ ಬುಧವಾರ. ಯಾವ ಕಡೆಯಿಂದ ಎಷ್ಟು ಪ್ಯಾಕೆಟ್ಟು ಬರುತ್ತವೆ ಎಂದು ಎಣಿಸುವ ಪ್ರೋಗ್ರಾಂ ಬರೆದಿದ್ದೆ. ನಿಮ್ಮಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಅವಸರ. ಕಾರ್ಡಿನ ಮೇಲೆ ಆಗಲೇ ಒಂದು ಪ್ರೋಗ್ರಾಂ ಇದೆ ಎಂದು ಮಷೀನು ಹೇಳಿತು. ಇದ್ದರೆ ಇರಲಿ, ಇದನ್ನೂ ಹಾಕು ಎಂದು ನಾನು ಒತ್ತಾಯದ ಆಜ್ಞೆ ಕೊಟ್ಟೆ. ಅಲ್ಲಿ ಒಂದಕ್ಕೇ ಜಾಗ ಎಂಬುದು ನನಗೆಲ್ಲಿ ಗೊತ್ತಿತ್ತು? ಅದು ಸದ್ದಿಲ್ಲದೆ ನಿಮ್ಮದನ್ನು ಇಳಿಸಿ ನನ್ನದನ್ನು ಕೂರಿಸಿತು. ಮಧ್ಯಾಹ್ನ ಎಲ್ಲಿಂದಲೋ ಕಸದ ಹೊಳೆಯೇ ಹರಿದು ಬಂತು, ತಡೆಯುವವರು ಯಾರೂ ಇರಲಿಲ್ಲ, ಇಂಟರ್ನೆಟ್ಟೇ ಕಟ್ಟಿಕೊಂಡಿತು. ವಿದ್ಯಾನಗರದ ಒಂದು ದವಾಖಾನೆಯಲ್ಲಿ ರಕ್ತದ ರಿಪೋರ್ಟು ಡಾಕ್ಟರ ಕೈ ಸೇರದೆ ಆಪರೇಶನ್ನೇ ತಡವಾಯಿತು. ನಿಮ್ಮ ಮೇಜಿನ ಫೋನು ಒಂದೇ ಸಮನೆ ರಿಂಗಾಗುತ್ತಿತ್ತು. ಪ್ರತಿಯೊಂದನ್ನೂ ನೀವೇ ಎತ್ತಿ, “ತಪ್ಪು ನಮ್ಮದರಿ. ಅರ್ಧಾ ತಾಸು ಕೊಡ್ರಿ,” ಎಂದಿರಿ. ನನ್ನ ಹೆಸರು ಒಮ್ಮೆಯಾದರೂ ನಿಮ್ಮ ಬಾಯಿಂದ... ಇಲ್ಲ. ನಿಮ್ಮ ಪ್ರೋಗ್ರಾಮನ್ನು ಮತ್ತೆ ಕೂರಿಸಿ ಎಲ್ಲ ಸರಿಹೋದ ಮೇಲೆ ನನ್ನ ಕಡೆ ತಿರುಗಿ, “ಕುಂದ್ರೂಕಿಂತ ಮೊದಲ ಅಲ್ಲಿ ಯಾರರ ಕುಂತಾರೇನ ಅಂತ ಕೇಳಬೇಕಲ್ಲೋ, ಮೆಹಬೂಬ,” ಎಂದಿರಿ, ಅಷ್ಟೇ. ನಾಚಿಕೆಯಾಗಿ ಆ ಸಂಜೆಯೇ ನನ್ನ ಪ್ರೋಗ್ರಾಮನ್ನು ಅಳಿಸಿಹಾಕಿದೆ.

ಅಳಿಸಿದ್ದಕ್ಕೆ ಬೈದಷ್ಟು ನೀವು ತಪ್ಪಿಗೂ ಬೈದಿರಲಿಲ್ಲ. ಕೆಲವು ವಾರಗಳಾದ ಮೇಲೆ ಗಿರ್ಮಿಟ್ ಚುರುಮುರಿ ಕಟ್ಟಿದ್ದ ಕಾಗದದ ಹಿಂದೆ ಒಂದು ಚಿತ್ರ ಬರೆದು ತೋರಿಸಿದಿರಿ. ಕಾರ್ಡಿನ ಮೇಲೆ ಒಂದು ಸಣ್ಣ ಮೇಸ್ತ್ರಿ ಪ್ರೋಗ್ರಾಂ ಮಾತ್ರ ಕೂರುವುದು. ಅದು ಉಳಿದವನ್ನು ನಂಬರಿನ ಪ್ರಕಾರ ಒಂದಾದಮೇಲೊಂದು ಕರೆಯುವುದು. ಒಬ್ಬರು ‘ಹೋಗಲಿ’ ಎಂದರೆ ಪ್ಯಾಕೆಟ್ಟು ಮುಂದಿನವರ ಕೈಗೆ. “ಒಂದ ಕಾರ್ಡು, ಹತ್ತು ಮಂದಿ. ಯಾರೂ ಯಾರನ್ನೂ ಎಬ್ಬಸೂದು ಬ್ಯಾಡ,” ಎಂದು ನೀವು ಹೇಳುವಾಗ ನಿಮ್ಮ ಮುಖದಲ್ಲಿದ್ದ ಖುಷಿಯನ್ನು ನಾನಿನ್ನೂ ಮರೆತಿಲ್ಲ. ಆದರೆ ಯಾರು ಮೊದಲು? ಅಲ್ಲಿ ಶುರುವಾಯಿತು ನಮ್ಮ ಜಗಳ.

“ಎಣಸೂದು ಮೊದಲ ಇರ್ಲಿ ತಗೋರಿ ಅಕ್ಕಾ. ನೀವು ಚೆಲ್ಲಿದ ಮ್ಯಾಲ ನಾ ಏನ ಎಣಸ್ಲಿ?”

“ಕಾವಲ ಮೊದಲ. ಬಾಕಿದ್ದೆಲ್ಲಾ ಆಮ್ಯಾಗ.”

ದಿನಾ ಚಹಾದ ಹೊತ್ತಿಗೆ ಇದೇ ಹಾಡು. ಹಟ ನಿಮ್ಮಷ್ಟು ಯಾರಿಗಿತ್ತು? ಆದರೂ ಇಷ್ಟು ವರ್ಷ ದೊಡ್ಡವರಾದ ನೀವು, ನಿನ್ನೆ ಮೊನ್ನೆ ಬಂದ ನನ್ನ ಮಾತನ್ನು ಒಂದು ದಿನವೂ ನಡುವೆ ತುಂಡರಿಸಲಿಲ್ಲ. ಅದರ ಬೆಲೆ ಈಗ ತಿಳಿಯುತ್ತಿದೆ. ಆಸ್ಪತ್ರೆಗೆ ಹೊರಟ ದಿನವೂ ಬಾಗಿಲಲ್ಲಿ ನಿಂತು, “ಬಂದ ಮ್ಯಾಲ ನೋಡೂಣಂತ,” ಎಂದಿರಿ. ನೀವು ಬರಲೇ ಇಲ್ಲ.

ಹೋದ ವಾರ ಮಾಲಕರು ನನ್ನನ್ನು ಕರೆದು, “ಶಾಂತಕ್ಕನ ಪ್ರೋಗ್ರಾಂ ಹಳೇದಾತು. ತಗದು ಹೊಸಾದು ತಂದು ಹಾಕಿಬಿಡು. ಅದರಾಗ ಎಣಿಸಿ ತೋರ್ಸೂದೂ ಐತಂತ,” ಎಂದರು. ಒಂದು ವಾರ ಕೊಡ್ರಿ, ಅಕ್ಕನದನ್ನು ಇಳಿಸದೆ ಅದೇ ಕಾರ್ಡಿನ ಮೇಲೆ ಎಣಿಸಿ ತೋರಿಸುತ್ತೇನೆ, ಆಗದಿದ್ದರೆ ನಾನೇ ತೆಗೆಯುತ್ತೇನೆ ಎಂದು ಹೇಳಿ ಬಂದೆ. ನನ್ನ ಕೈಯಿಂದಲೇ ಎರಡನೆಯ ಸಲ ನಿಮ್ಮನ್ನು ಇಳಿಸುವ ಹಾಗಾದರೆ, ಈ ಕುರ್ಚಿಯಲ್ಲಿ ಹೇಗೆ ಕೂರಲಿ?

ಮೇಸ್ತ್ರಿ ಪ್ರೋಗ್ರಾಂ ಬರೆಯುವುದು ಹೇಗೆಂದು ನೋಡಲು ಕಂಪ್ಯೂಟರಿನಲ್ಲಿ ನಿಮ್ಮ ಫೋಲ್ಡರು ತೆರೆದೆ. ಅಲ್ಲಿತ್ತು, ನಾನು ಅಳಿಸಿದ್ದ ಪ್ರೋಗ್ರಾಂ. ನೀವು ಅದರ ನಕಲು ತೆಗೆದಿಟ್ಟು, ಎರಡು ಕಡೆ ತಿದ್ದಿದ್ದಿರಿ. ಇನ್ನೊಂದು ಕಡತದಲ್ಲಿ ಇಬ್ಬರ ನಂಬರೂ ಇದ್ದವು. ಅಲ್ಲಿ ಸಣ್ಣ ನಂಬರಿನವರದೇ ಮೊದಲ ಪಾಳಿ. ನಿಮ್ಮದಕ್ಕೆ ಇಪ್ಪತ್ತು ಹಾಕಿಕೊಂಡು, ನನ್ನದಕ್ಕೆ ಹತ್ತು ಕೊಟ್ಟಿದ್ದಿರಿ. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನಿಮ್ಮದೇ ಕನ್ನಡ: “ಮೆಹಬೂಬಂದು ಮೊದಲ. ಕೇರೂಕಿಂತ ಮುಂಚೆ ಅಳತಿ ಮಾಡಬೇಕು, ಇಲ್ಲಾಂದ್ರ ಹೊಟ್ಟು ಎಷ್ಟು ಹೋತು ಹೆಂಗ ಗೊತ್ತಾಗ್ತದ?” ತಾರೀಖು ನೋಡಿದರೆ, ನೀವು ಆಸ್ಪತ್ರೆಗೆ ಹೋಗುವ ಹಿಂದಿನ ದಿನ. ಒಪ್ಪಿದ್ದನ್ನು ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇ ಅಕ್ಕಾ? ನಾನು ಆಫೀಸಿನ ಹುಡುಗರೆಲ್ಲರ ಮುಂದೆ ಕುಳಿತು ಅತ್ತುಬಿಟ್ಟೆ.

ಈ ಸಲ ಯಾರನ್ನೂ ಎಬ್ಬಿಸಲಿಲ್ಲ. ಮೇಸ್ತ್ರಿಯನ್ನು ಕೂರಿಸಿ, ನೀವು ಬರೆದಿಟ್ಟ ಪಾಳಿಯಲ್ಲೇ ಇಬ್ಬರನ್ನೂ ನಿಲ್ಲಿಸಿದೆ. ಮೊನ್ನೆ ಸೋಮವಾರ ಮಧ್ಯಾಹ್ನ ಮತ್ತೆ ಆ ಕಸದ ಹೊಳೆ ಬಂತು, ಅಂದಿಗಿಂತ ದೊಡ್ಡದು. ನನ್ನದು ಎಣಿಸಿತು, ನಿಮ್ಮದು ಚೆಲ್ಲಿತು. ಮಾಲಕರು ನನ್ನ ಹಿಂದೆ ನಿಂತು ಪರದೆಯ ಮೇಲೆ ಅಂಕಿ ಏರುವುದನ್ನು ಬಹಳ ಹೊತ್ತು ನೋಡಿ, “ಇರ್ಲಿ ಬಿಡು, ಅಕ್ಕಂದು ಅಲ್ಲೇ ಇರ್ಲಿ,” ಎಂದು ಹೋದರು.

ನಾನು ಮಾತ್ರ ಆಫೀಸು ಮುಚ್ಚುವ ತನಕ ನಿಮ್ಮ ಮೇಜಿನ ಫೋನಿನ ಪಕ್ಕದಿಂದ ಏಳಲಿಲ್ಲ. ಅದು ಒಂದು ಸಲವೂ ರಿಂಗಾಗಲಿಲ್ಲ.

ನಿಮ್ಮ
ಮೆಹಬೂಬ