ಒಂದು ಬೆರಳಿನಷ್ಟು ಬೋಳು ದಂಟು

ಮೂಡುಬಿದಿರೆ, ೧೯೬೭

ಅಮ್ಮಾ,

ನೀನಿದ್ದಾಗ ನನ್ನ ಕಾಗದಗಳನ್ನು ಅಂಚೆಯ ರುಕ್ಮಯ್ಯ ಓದಿ ಹೇಳುತ್ತಿದ್ದರು. ನೀನಿಲ್ಲದ ಮೇಲೆ ಇದನ್ನು ಓದುವವರು ಯಾರೂ ಇಲ್ಲ. ಅದೇ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಸೋಮವಾರ ಬಾಟನಿ ಸರ್ ನಮ್ಮ ಕ್ಲಾಸನ್ನು ಗುರುವಾಯನಕೆರೆಗೆ ಕರೆದೊಯ್ದರು. ನೀನು ಚಾಪೆಗೆ ಜೊಂಡು ಕೊಯ್ಯುತ್ತಿದ್ದ ಅದೇ ದಂಡೆ. ಸರ್ ಜೊಂಡಿನ ಒಂದು ಕದಿರು ಎತ್ತಿ ಹಿಡಿದು, "ನಮ್ಮ ಇಂಗ್ಲಿಷ್ ಪುಸ್ತಕದ ಚಿತ್ರದಲ್ಲಿರುವುದು ಇದೇನಾ?" ಎಂದರು. ಎಲ್ಲರೂ ಹೌದೆಂದರು.

"ಅಲ್ಲ ಸರ್, ಇದು ನಮ್ಮ ಊರಿನ ಜಾತಿ," ಎಂದೆ. "ಚಿತ್ರದಲ್ಲಿ ಮೇಲಿನ ಗಂಡು ಕದಿರು ಕೆಳಗಿನ ಹೆಣ್ಣು ಕದಿರಿಗೆ ಅಂಟಿಕೊಂಡಿದೆ. ಇದರಲ್ಲಿ ನಡುವೆ ಒಂದು ಬೆರಳಿನಷ್ಟು ಬೋಳು ದಂಟು ಉಂಟು."

"ಭೇಷ್! ಯಾರು ಹೇಳಿಕೊಟ್ಟದ್ದು?"

ಅಲ್ಲಿ ಬೆರಳಿಟ್ಟು ತೋರಿಸಿದವಳು ನೀನು. ಆದರೆ ಪಕ್ಕದಲ್ಲಿ ನನ್ನ ರೂಮಿನ ಕಾಂತಿ ನಿಂತಿದ್ದಳು. ನನ್ನ ತಾಯಿ ಟೀಚರಾಗಿದ್ದರೆಂದು ಹಾಸ್ಟೆಲಿನವರೆಲ್ಲ ನಂಬಿದ್ದಾರೆ. ನಂಬಿಸಿದವಳು ನಾನೇ.

"ಬೇರೆ ಒಂದು ಪುಸ್ತಕದಲ್ಲಿ ಓದಿದ್ದೆ ಸರ್."

ಮೊಣಕಾಲಷ್ಟು ನೀರಿನಲ್ಲಿ ಜೊಂಡು ಕೊಯ್ಯುತ್ತಿದ್ದ ನಿನ್ನ ಜೊತೆಗಾತಿ ಪೂವಮ್ಮ ತಲೆ ಎತ್ತಿದಳು. ಈಗ ಹೆಸರು ಹಿಡಿದು ಕರೆಯುತ್ತಾಳೆ ಎಂದುಕೊಂಡೆ. ನನ್ನನ್ನು ಎತ್ತಿ ಆಡಿಸಿದವಳು, ಗುರುತೇ ಇಲ್ಲದವಳಂತೆ ಹೇಳಿದಳು: "ಭಾರೀ ಒಳ್ಳೆ ಪುಸ್ತಕ ಅಕ್ಕಾ, ಅದು ಈಗ ಎಲ್ಲಿಯೂ ಸಿಗ್ಲಿಕ್ಕಿಲ್ಲ."

ಹುಡುಗಿಯರು ನಕ್ಕರು. ನಾನೂ ನಕ್ಕೆ ಅಮ್ಮಾ.

ಆ ಪುಸ್ತಕ ಬರೆದವರ ಹೆಸರನ್ನು ರೆಕಾರ್ಡಿನಲ್ಲಿ ಬರೆಯಬೇಕೆಂದು ಸರ್ ಹೇಳಿದ್ದರು. ಇವತ್ತು ಎಲ್ಲಿಯೂ ಇಲ್ಲದ ಒಬ್ಬ ಇಂಗ್ಲಿಷ್ ದೊರೆಯ ಹೆಸರು ಬರೆದು ಕೊಟ್ಟೆ. ಸರ್ ಅದರ ಕೆಳಗೆ ಸಹಿ ಹಾಕಿದರು.