ನಿಂಬೆ ಗಿಡದ ಗೂಡು

ಹಾಲ್ಕುರಿಕೆ
21-9-1979

ಚಿ. ಸೌ. ತಂಗಿ ಗಿರಿಜಾಂಬಿಕಾಗೆ ಅಕ್ಕನ ಆಶೀರ್ವಾದ.

ನಿನ್ನೆ ಮಧ್ಯಾಹ್ನ ಒಂದು ಗಳಿಗೆ ಒರಗಿದ್ದೆ, ಕೆಟ್ಟ ಕನಸು ಬಿತ್ತು. ಒಗ್ಗರಣೆಗೆ ಕರಿಬೇವು ಹಾಕುತ್ತಿದ್ದೇನೆ, ಎಲೆಯೆಲ್ಲ ಹುಳವಾಗಿ ಮುಲುಮುಲು ಹರಿದು, ಸೌಟು ಹತ್ತಿ, ನನ್ನ ಮೊಣಕೈವರೆಗೂ ಬಂದವು. ಎದ್ದವಳೇ ಬಚ್ಚಲಿಗೆ ಓಡಿದೆ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲು ಕೂತರೆ ಕೈಯೇ ಹೇಸುತ್ತದೆ, ಅದಕ್ಕೇ ತಡ. ಮೂರನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಶಾಲೆ ಮೇಡಮ್ಮು ನೀನು, ನಗಬೇಡ.

ಹಿತ್ತಿಲಿಗೆ ಚಿಟ್ಟೆ ಬರಬೇಕೆಂದು ಮಗಳು ನೀಲು ಹಟ ಹಿಡಿದಳೆಂದು, ಮುಂಗಾರಿಗೆ ಮೊದಲೇ ನೀನು ಆರಿಸಿ ಬರೆದ ಗಿಡಗಳನ್ನೇ ಹಾಕಿದೆವು. ಮಲ್ಲಿಗೆ ಹಾಕೋಣವೆಂದರೆ, "ಅದು ನಿನ್ ತುರುಬಿಗೆ ಕಣಮ್ಮ, ಚಿಟ್ಟೆಗಲ್ಲ" ಎಂದಳು. ರತ್ನಗಂಧಿ, ಚೆಂಡುಹೂವು ಚೆನ್ನಾಗಿಯೇ ಬಂದವು. ಆದರೆ ಕರಿಬೇವು, ನಿಂಬೆ ಇರಲೇಬೇಕೆಂದು ಯಾಕೆ ಬರೆದೆಯೋ ತಾಯಿ! ಎಲೆ ಮೇಲೆಲ್ಲ ಕಾಗೆ ಹಿಕ್ಕೆಯಂಥ ಹುಳ. ಕಡ್ಡಿಯಲ್ಲಿ ಮುಟ್ಟಿದರೆ ತಲೆಯಿಂದ ಕೆಂಪು ಕೋಡು ತೆಗೆದು ಗಬ್ಬು ನಾತ ಬಿಡುತ್ತವೆ. ಬಲಿತ ಮೇಲೆ ಹಸಿರಾಗಿ ಬೆರಳು ಗಾತ್ರ. ನೀಲು ಅವನ್ನು ಅಂಗೈಯಲ್ಲಿ ಹರಿಸಿಕೊಂಡು, ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಿದ್ದಳು.

ಪಕ್ಕದ ತೋಟದ ಬಸವರಾಜಪ್ಪನವರು ಬೇಲಿಯಾಚೆಯಿಂದ ನೋಡಿ, "ಏನ್ ತಾಯಿ, ಹುಳ ಸಾಕ್ತಾ ಇದೀರಾ? ತೆಂಗಿಗೆ ಹತ್ತುದ್ರೆ ನಿಮ್ದೂ ಹೋಯ್ತು, ನಮ್ದೂ ಹೋಯ್ತು" ಎಂದರು. ಹೋದ ವರ್ಷ ಗರಿ ತಿನ್ನುವ ಹುಳ ಬಿದ್ದು ಅವರ ತೋಟ ಬೆಂಕಿ ತಗುಲಿದ ಹಾಗಾಗಿತ್ತಲ್ಲ. ನೀಲು ಶಾಲೆಗೆ ಹೋದದ್ದೇ, ಹುಳ ಕೊಲ್ಲುವ ಪುಡಿಯನ್ನು ಹಳೇ ಸೀರೆ ಚೂರಿನಲ್ಲಿ ಗಂಟು ಕಟ್ಟಿ ಗಿಡಗಳ ಮೇಲೆ ತಟ್ಟಿಬಿಟ್ಟೆ. ಸಂಜೆಗೆ ಎಲ್ಲ ಸುರುಟಿಕೊಂಡು, ಹಸಿರು ನೀರು ಕಾರಿ ಬಿದ್ದಿದ್ದವು. ಥೂ! ಆ ಎಲೆಯನ್ನು ಸಾರಿಗೆ ಹಾಕಿಲ್ಲ, ಹೆದರಬೇಡ. ಬಾವಿಗೂ ಪುಡಿ ಹಾರಿಲ್ಲ ಎಂದುಕೊಂಡಿದ್ದೇನೆ.

ನಿಮ್ಮ ಭಾವ ಚೆನ್ನಾಗಿದ್ದಾರೆ. "ಹುಳ ತಾನೆ, ಹೋದ್ರೆ ಹೋಯ್ತು ಬುಡು" ಎನ್ನುತ್ತಾರೆ. ದಸರೆ ರಜಕ್ಕೆ ಬಂದು ಹೋಗು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ
ಸಿದ್ದಗಂಗಮ್ಮ

ವಿ.ಸೂ.: ಗಿರಿಜಾ, ತೆಂಗಿನ ಮಾತು ಬರೀ ನೆಪ. ಈ ಹುಳವೇ ಚಿಟ್ಟೆಯಾಗುವುದೆಂದು ನೀಲು ನಿನ್ನ ಕಾಗದವನ್ನು ನನಗೆ ಎರಡು ಸಲ ಓದಿ ಹೇಳಿದ್ದಳು. ಗೊತ್ತಿದ್ದೇ ಮಾಡಿದೆ, ಕಣ್ಣಲ್ಲಿ ನೋಡಲಾಗದೆ. ಅವಳು ಅಳಲಿಲ್ಲ. ಜಡೆ ಹಾಕಲು ಕರೆದರೆ, "ಆ ಕೈಲಿ ಮುಟ್ಬ್ಯಾಡ, ಅಸಹ್ಯ ಆಯ್ತದೆ" ಎಂದಳು. ಅವತ್ತಿನಿಂದ ಜಡೆ ಹಾಕುವುದು ಅವರಜ್ಜಿ. ನಾನು ಇಟ್ಟ ಮುದ್ದೆಯನ್ನೂ ಅವಳು ಮುಟ್ಟುವುದಿಲ್ಲ. ಸೀಗೆಪುಡಿಯಲ್ಲಿ ತೊಳೆದು ತೊಳೆದು ಕೈ ಬಿರಿದಿದೆ, ಈಗ ನನಗೂ ಈ ಕೈ ಅಸಹ್ಯವೇ. ನಿಂಬೆ ಕಡ್ಡಿಯಲ್ಲಿ, ಚಿಟ್ಟೆಯಾಗಲು ಹುಳ ಕಟ್ಟಿದ ಒಂದು ಗೂಡು ಮಾತ್ರ ಉಳಿದಿದೆ. ಅದರ ಮೇಲಿನ ಪುಡಿಯನ್ನು ಮೆಲ್ಲಗೆ ಊದಿ ತೆಗೆದೆ. ದಿನಾ ನಾನೂ ನೀಲೂ ಹೋಗಿ ನೋಡುತ್ತೇವೆ, ಬೇರೆ ಬೇರೆಯಾಗಿ. ಗೂಡು ಹತ್ತು ದಿನಕ್ಕೆ ಒಡೆಯುತ್ತದೆಂದು ನೀನು ಬರೆದಿದ್ದೆ. ಇವತ್ತಿಗೆ ಹದಿನೇಳಾಯಿತು. ಹತ್ತೋ ಇಪ್ಪತ್ತೋ, ನಿನ್ನ ಶಾಲೆಯ ಪುಸ್ತಕದಲ್ಲಿ ಇನ್ನೊಂದು ಸಲ ನೋಡಿ ಬರಿ.